ಮಾವನ ರೆಸಿಡೆನ್ಸಿ ಯೋಗ

ನನ್ನ ಸೋದರಮಾವನಿಗೆ ಭಟ್ಕಳದ ಹತ್ತಿರ ಬೆಳಕೆಯಲ್ಲಿ ಸ್ವಂತ ಮನೆಯಿದೆ. ಮನೆಯಲ್ಲಿ ಹೆಂಡತಿಯಿದ್ದಾಳೆ, ಮೂರು ಹೊತ್ತು ಮೀನುಸಾರಿದೆ. ಆದರೂ ಈ ಮನುಷ್ಯ ಗುರುತಿಲ್ಲದವರ ಮನೆಯಲ್ಲಿ ಬಿಟ್ಟಿ ಉಂಡುಕೊಂಡಿರಲು ಎರಡು ವರ್ಷ ಅರ್ಜಿ ಹಾಕುತ್ತಲೇ ಇದ್ದ! ಅರ್ಜಿ ಬರೆಯುವವನು ನಾನು. ದಿನಚರಿ ಬರೆಯುವ ಅಭ್ಯಾಸವಿರುವುದರಿಂದ ಲೆಕ್ಕ ಪಕ್ಕಾ: ಆ ಎರಡು ವರ್ಷದಲ್ಲಿ ಹಾಕಿದ್ದು ಒಂಬತ್ತು, "ವಿಷಾದಿಸುತ್ತೇವೆ" ಎಂಬ ಉತ್ತರ ಬಂದದ್ದು ಆರು, ವಿಷಾದಿಸುವ ಸೌಜನ್ಯವೂ ಇಲ್ಲದವರು ಮೂವರು.

ಮಾವ ದೋಣಿಗಳಿಗೆ ಬಣ್ಣ ಬಳಿದು ಹೆಸರು ಬರೆಯುವವನು. ಭಟ್ಕಳ ಬಂದರಿನಲ್ಲಿ ಅವನ ಕೈ ತಾಗದ ದೋಣಿ ಕಡಿಮೆ. ಇಷ್ಟು ವರ್ಷ ದೋಣಿಯ ಮೇಲೆ ಬರೆದು ಬರೆದು, ಒಮ್ಮೆ ದೋಣಿಯೇ ಇಲ್ಲದ ಸಮುದ್ರ ಬರೆಯಬೇಕೆಂಬ ಹುಚ್ಚು ಅವನಿಗೆ ಹಿಡಿಯಿತು. ಗೋಡೆಯಷ್ಟು ದೊಡ್ಡ ಕ್ಯಾನ್ವಾಸು ತಂದು ಎಡಗಡೆಯಿಂದ ಶುರು ಮಾಡಿದ. ನಡುವಿಗೆ ಬರುವಷ್ಟರಲ್ಲಿ ಊರೇ ಮನೆಯೊಳಗೆ ಬಂತು. ಒಬ್ಬನಿಗೆ ಟೆಂಪೋದ ಹಿಂದೆ "ಹಾರ್ನ್ ಮಾಡಿ" ಬರೆಸಬೇಕು. ಇನ್ನೊಬ್ಬನಿಗೆ ಗೋಬಿ ಗಾಡಿಯ ಮೇಲೆ ಹೂಕೋಸು ಬೇಕು. ಶಾಲೆಯವರಿಗೆ ಗೋಡೆಯ ಮೇಲೆ ಭಾರತದ ನಕ್ಷೆ. ಇವರೆಲ್ಲ ಹೋದ ಮೇಲೆ ಅತ್ತೆಯ ಸರದಿ. ಒಮ್ಮೆ ಗ್ಯಾಸ್ ಸಿಲಿಂಡರ್ ಜೋಡಿಸಲು ಕರೆಯುತ್ತಿದ್ದಳು, ಒಮ್ಮೆ ತೆಂಗಿನಕಾಯಿ ಸುಲಿಯಲು, ಒಮ್ಮೆ ಸುಮ್ಮನೆ. ಬಲಗಡೆ ಬಿಳಿ ಬಟ್ಟೆ ಹಾಗೇ ಉಳಿದು, ಮನೆಗೆ ಬಂದವರು "ಇದೆಂತ, ಇಳಿತವಾ?" ಎಂದು ಕೇಳುವ ಹಾಗಾಯಿತು.

ಹೀಗಿರುವಾಗ ದೋಣಿಗಳ ಫೋಟೋ ತೆಗೆಯಲು ಬಂದ ಹುಡುಗಿಯೊಬ್ಬಳು ಮಾವನ ಕಿವಿಯಲ್ಲಿ ರೆಸಿಡೆನ್ಸಿ ಎಂಬ ಶಬ್ದ ಹಾಕಿ ಹೋದಳು. ಕಲಾವಿದರಿಗೆಂದೇ ಅಂಥ ಜಾಗಗಳಿರುತ್ತವಂತೆ, ಅವಳೂ ಇದ್ದು ಬಂದಿದ್ದಾಳಂತೆ. ರೂಮು ಅವರದು, ಊಟ ಅವರದು. ಒಂದು ತಿಂಗಳು ಯಾರೂ ಕರೆಯುವುದಿಲ್ಲ. ಕೊನೆಗೆ ಮಾಡಿದ ಕೆಲಸವನ್ನು ನಾಲ್ಕು ಜನರಿಗೆ ತೋರಿಸಿದರೆ ಆಯಿತು. ಬಿಟ್ಟಿ ಊಟವನ್ನು ಮಾವ ಹೇಗೋ ನಂಬಿದ. ಯಾರೂ ಕರೆಯುವುದಿಲ್ಲ ಎಂಬುದನ್ನು ಮಾತ್ರ ಅವಳಿಂದ ಎರಡು ಸಲ ಹೇಳಿಸಿದ.

ಆದರೆ ನಮ್ಮ ಕಡೆ ರೆಸಿಡೆನ್ಸಿ ಎಂದರೆ ಏನು? ಭಟ್ಕಳದಿಂದ ಕುಮಟಾದವರೆಗೆ ಬಸ್ಸಿನ ಕಿಟಕಿಯಿಂದ ನೋಡುತ್ತ ಬನ್ನಿ, ಹೆದ್ದಾರಿಯಲ್ಲಿ ಎರಡು ಲಾಡ್ಜಿಗೊಂದರ ಹೆಸರು ರೆಸಿಡೆನ್ಸಿ! ಒಂದು ತಿಂಗಳು ರೆಸಿಡೆನ್ಸಿಗೆ ಹೋಗುತ್ತೇನೆ ಎಂದು ಮಾವ ಹೇಳಿದ್ದೇ ತಡ, ಅತ್ತೆ ಕುಮಟಾದಲ್ಲಿರುವ ನನ್ನ ಅಮ್ಮನಿಗೆ ಫೋನ್ ಮಾಡಿದಳು.

"ಅಕ್ಕ, ನಿಮ್ಮ ತಮ್ಮ ಈ ವಯಸ್ಸಲ್ಲಿ ಲಾಡ್ಜಲ್ಲಿ ರೂಮ್ ಮಾಡ್ತಾರಂತೆ. ಯಾರ ಸಂಗ್ತಿಗೆ ಅಂತ ಕೇಳಿದ್ರೆ ಒಬ್ನೇ ಅಂತಾರೆ."

ಅಮ್ಮ ಸಮಾಧಾನ ಹೇಳುವ ಬದಲು, ಒಬ್ಬನೇ ಅಂದರೆ ಅನುಮಾನ ಇನ್ನೂ ಜಾಸ್ತಿ ಎಂದಳು.

ಮಾವನೂ ಕಡಿಮೆಯವನಲ್ಲ. ನಾನು ಹುಡುಕಿ ಹೇಳುವವರೆಗೆ ಕಾಯದೆ ಹೊನ್ನಾವರದ ಒಂದು ರೆಸಿಡೆನ್ಸಿಗೆ ನುಗ್ಗಿಯೇಬಿಟ್ಟ. ತಾನು ಕಲಾವಿದ, ಒಂದು ತಿಂಗಳಿಗೆ ರೂಮು ಬೇಕು ಎಂದ. ಮ್ಯಾನೇಜರ್ ಆಧಾರ್ ಕಾರ್ಡು ಕೇಳಿ, ಏಸಿಯೋ ನಾನ್ ಏಸಿಯೋ ಎಂದು ವಿಚಾರಿಸಿ, ಬಾಡಿಗೆ ಹೇಳಿದ. ಮಾವ ತಾಳ್ಮೆಯಿಂದ ತಿದ್ದಿದ.

"ಬಾಡಿಗೆ ಇಲ್ಲ ಮಾರಾಯ. ಊಟನೂ ನೀವೇ ಕೊಡೂದು. ಕೊನಿಗೆ ನಾನು ನಿಮ್ಗೆ ಸಮುದ್ರ ತೋರಿಸ್ತೆ."

"ಸಮುದ್ರ ನಮ್ಮ ಟೆರೇಸಿಂದ್ಲೇ ಕಾಣ್ತದೆ," ಎಂದನಂತೆ ಮ್ಯಾನೇಜರ್.

ಮಾತಿಗೆ ಮಾತು ಬೆಳೆದು, ಮಾವ ಪೇಂಟರ್ ಎಂಬುದು ಬಯಲಾಯಿತು. ಸಂಜೆ ಬಸ್ಸು ಹತ್ತುವ ಮೊದಲು ಆ ಲಾಡ್ಜಿಗೆ ಒಂದು ಬೋರ್ಡು ಬರೆದುಕೊಟ್ಟು ಬಂದ: "ರೂಮ್ ಖಾಲಿ ಇಲ್ಲ."

ಆಮೇಲೆ ಹುಡುಕುವ ಕೆಲಸ ಪೂರ್ತಿ ನನ್ನ ತಲೆಗೆ ಬಂತು. ಹುಡುಕುವುದೇನೂ ಕಷ್ಟವಲ್ಲ, ಫೋನಿನಲ್ಲಿ ಒಂದು ಸಿಕ್ಕರೆ ಅದರ ಬಾಲ ಹಿಡಿದು ಹತ್ತು ಬರುತ್ತವೆ. ಆರಿಸುವುದೇ ಕಷ್ಟ. ಕೆಲವರು ತಾವೇ ಕರೆದು ತಾವೇ ದುಡ್ಡು ಕೇಳುತ್ತಾರೆ. ಅದು ಲಾಡ್ಜೇ ಅಲ್ಲವೇ? ಕೆಲವರು ಅಡುಗೆ ನೀವೇ ಮಾಡಿಕೊಳ್ಳಿ ಅನ್ನುತ್ತಾರೆ. ಹಾಗಾದರೆ ಸಮುದ್ರ ಬರೆಯುವುದು ಯಾವಾಗ? ಎರಡೂ ಕಾಟವಿಲ್ಲದ ಒಂದು ಕಡೆ, ಅರ್ಜಿಯಲ್ಲಿ ಕಲಾದೃಷ್ಟಿಯ ಬಗ್ಗೆ ಬರೆಯಿರಿ ಎಂದಿತ್ತು. ಓದಿ ಹೇಳಿದೆ. ಮಾವ ಸಂಕೋಚದಿಂದ, "ಎಡಗಣ್ಣಿಗೆ ಸ್ವಲ್ಪ ಪೊರೆ ಬಂದದೆ. ಅದ್ನೂ ಬರೀಬೇಕಾ?" ಎಂದ. ನಾನು ಪೊರೆಯನ್ನು ಬಿಟ್ಟು, "ಜಲದ ಅಸ್ಮಿತೆಯ ಅನ್ವೇಷಣೆ" ಎಂದು ಎರಡು ಪುಟ ಬರೆದೆ. ಅದನ್ನೇ ಎಲ್ಲ ಕಡೆ ಕಳಿಸಿದೆ. ಒಂಬತ್ತೂ ಕಡೆ ಅಸ್ಮಿತೆ ಮುಳುಗಿತು.

ಬೇಸತ್ತ ಮಾವ ಒಂದು ಬೆಳಿಗ್ಗೆ ಸಮುದ್ರವನ್ನು ಸುರುಳಿ ಸುತ್ತಿಕೊಂಡು ಕುಮಟಾದ ನಮ್ಮ ಮನೆಗೇ ಬಂದ. "ನಿಮ್ಮನೆ ಸೆಲೆಕ್ಟ್ ಆತು," ಎಂದು ನನ್ನ ಕೋಣೆ ಹಿಡಿದ. ಚಹಾ ಬಾಗಿಲ ಹೊರಗಿಡಬೇಕು, ಯಾರೂ ಮಾತಾಡಿಸಬಾರದು ಎಂದು ನಿಯಮ ಹೇಳಿದ. ಅಮ್ಮ ಒಂದು ದಿನ ಪಾಲಿಸಿದಳು. ಎರಡನೇ ದಿನ ಬಾಗಿಲು ತಟ್ಟಿ, ಹೇಗೂ ಬಣ್ಣ ಕಲಸಿದ್ದೀಯಲ್ಲ, ಗೇಟಿಗೂ ಒಂದು ಕೈ ಎಳೆದುಬಿಡು ಎಂದಳು. ನಮ್ಮ ಗೇಟು ಈಗಲೂ ಸಮುದ್ರದ ಬಣ್ಣದಲ್ಲಿದೆ!

ಇಂಥ ಜಾಗದಲ್ಲಿ ಇದ್ದು ಬಂದವರನ್ನು ಕೇಳುವುದೇ ಸರಿಯಾದ ದಾರಿ ಎಂದು ನನಗೆ ಹೊಳೆದದ್ದು ಇಷ್ಟೆಲ್ಲ ಆದ ಮೇಲೆ. ಆ ಫೋಟೋ ಹುಡುಗಿಗೇ ಫೋನ್ ಮಾಡಿದೆ. ಘಟ್ಟದ ಬುಡದ ಕತಗಾಲದಲ್ಲಿ ಗಂಡಹೆಂಡತಿ ಇಬ್ಬರು, ಮುಚ್ಚಿಹೋದ ಅಕ್ಕಿ ಮಿಲ್ಲನ್ನು ತೊಳೆದು ಬಳಿದು ಕಲಾವಿದರಿಗೆ ಬಿಟ್ಟುಕೊಡುತ್ತಾರೆ ಎಂದಳು. ಈ ಹತ್ತನೇ ಸಲ ಮಾವ ಹೇಳಿದ್ದನ್ನೇ ಬರೆದು ಕಳಿಸಿದೆ: "ನನ್ನದು ಅರ್ಧ ಸಮುದ್ರ ಆಗಿದೆ. ಮನೆಯಲ್ಲಿ ಎಲ್ಲರೂ ಕರೆಯುತ್ತಾರೆ. ಇನ್ನರ್ಧಕ್ಕೆ ಜಾಗ ಕೊಡಿ." ಮರುದಿನವೇ ಬನ್ನಿ ಎಂದರು. ಸಮುದ್ರ ಮುಗಿಸಲಿಕ್ಕೆಂದು ಸಮುದ್ರದ ದಂಡೆ ಬಿಟ್ಟು ಘಟ್ಟದ ಕಡೆ ಹೋದ ಮೊದಲ ಮನುಷ್ಯ ನನ್ನ ಮಾವನೇ ಇರಬೇಕು.

ತಿಂಗಳ ಕೊನೆಗೆ, ಚಿತ್ರ ತೋರಿಸುವ ದಿನ, ನಾನೂ ಅಮ್ಮನೂ ಅತ್ತೆಯನ್ನು ಕರೆದುಕೊಂಡು ಹೋದೆವು. ಮಿಲ್ಲಿನ ಗೋಡೆ ತುಂಬ ಸಮುದ್ರ. ಎಡಗಡೆ ನೀರು ತಡೆದು ತಡೆದು ಬರುತ್ತದೆ, ಯಾರೋ ಕರೆದ ಹಾಗೆ ಅಲ್ಲಲ್ಲಿ ನಿಲ್ಲುತ್ತದೆ. ನಡುವಿನಿಂದಾಚೆ ಒಂದೇ ಉಸಿರಿಗೆ ಬಾನಂಚಿನವರೆಗೆ ಹೋಗಿದೆ. ಅತ್ತೆ ಬಹಳ ಹೊತ್ತು ನೋಡುತ್ತ ನಿಂತಳು. ಆಮೇಲೆ ಮಾವ ಇದ್ದ ಕೋಣೆಗೆ ಹೋಗಿ, ಮಂಚ, ಕಿಟಕಿ, ಮೇಜಿನ ಮೇಲೆ ಮುಚ್ಚಿಟ್ಟಿದ್ದ ಊಟದ ತಟ್ಟೆ, ಎಲ್ಲ ನೋಡಿ ಬಂದು, ಮಿಲ್ಲಿನ ಯಜಮಾನಿಯನ್ನು ಕೇಳಿದಳು:

"ಇದು ಹೆಂಗಸ್ರಿಗೂ ಕೊಡ್ತ್ರಾ?"

"ಕೊಡ್ತೇವೆ. ನೀವು ಎಂತ ಮಾಡ್ತೀರಿ?"

"ಎಂತದೂ ಇಲ್ಲ. ಊಟ ನೀವೇ ಮಾಡಿ ಹಾಕ್ತ್ರಲ್ಲ, ಅದ್ಕೆ ಕೇಳ್ದೆ."

ನಾವೆಲ್ಲ ನಕ್ಕೆವು. ಮಾವ ನಗಲಿಲ್ಲ.

ಮುಂದಿನ ವಾರ ನಾನು ಬೆಳಕೆಗೆ ಹೋದಾಗ ಒಳಕೋಣೆಯ ಬಾಗಿಲು ಮುಚ್ಚಿತ್ತು, ಮಾವ ಅಡುಗೆಮನೆಯಲ್ಲಿದ್ದ. ಪಕ್ಕದ ಮನೆಯಾಕೆ ಅತ್ತೆಯ ಹೆಸರು ಕೂಗುತ್ತ ಅಂಗಳಕ್ಕೆ ಬಂದಳು. ಮಾವ ಸೌಟು ಹಿಡಿದೇ ಹೊರಗೆ ಓಡಿ, ದನಿ ತಗ್ಗಿಸಿ, "ಕರೀಬೇಡಿ. ಅವ್ಳು ರೆಸಿಡೆನ್ಸಿಲಿದ್ದಾಳೆ," ಎಂದು ಆಕೆಯನ್ನು ವಾಪಸ್ ಕಳಿಸಿದ.

ಅತ್ತೆ ಒಳಗೆ ಏನು ಮಾಡುತ್ತಿದ್ದಾಳೆ ಎಂದು ಪಿಸುಗುಟ್ಟಿದೆ. ಮಾವ ನನ್ನನ್ನು ಬಾಗಿಲ ಹತ್ತಿರ ಕರೆದೊಯ್ದ. ಒಳಗಿನಿಂದ ಅತ್ತೆ ತನ್ನಷ್ಟಕ್ಕೆ ಹಾಡಿಕೊಳ್ಳುವುದು ಕೇಳಿಸಿತು. ಅವಳಿಗೆ ಹಾಡು ಬರುತ್ತದೆಂಬುದು ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಮಾವನಿಗೂ ಗೊತ್ತಿರಲಿಲ್ಲವಂತೆ. ಅಡುಗೆಮನೆಯಲ್ಲಿ ಸಾರು ಉಕ್ಕಿ ಒಲೆಗೆ ಸುರಿಯುವ ಸದ್ದು ಬಂತು. ನಾವಿಬ್ಬರೂ ಅಲ್ಲಿಂದ ಕದಲಲಿಲ್ಲ.