ಅಕಿಂಚನ ಶಿವರಾಜಪ್ಪನ ಆಕಳು

ರಾಜ್ಯ ಬದಲಾಯಿತು, ಧ್ವಜ ಬದಲಾಯಿತು, ಕಚೇರಿಯ ಸಾಹೇಬರ ಟೋಪಿಯೂ ಬದಲಾಯಿತು. ಭಾಲ್ಕಿಯ ಬಟ್ಟೆ ವ್ಯಾಪಾರಿ ಶಿವರಾಜಪ್ಪನ ಬಡತನ ಮಾತ್ರ ಹಳೆಯದೇ ಉಳಿಯಬೇಕೇ? ಛೇ! ನಿಜಾಮರ ಕಾಲವಿಡೀ ಯಾರು ಚಂದಾ ಕೇಳಲು ಬಂದರೂ, "ನಾ ಮುಫ್ಲಿಸ, ಕಾಸಿಲ್ಲದವ ಇದ್ದೇನ್ರಿ" ಎಂದು ಉರ್ದುವಿನಲ್ಲಿ ಕೈ ಖಾಲಿ ಮಾಡಿ ತೋರಿಸುತ್ತಿದ್ದ. ಪೊಲೀಸ್ ಆಕ್ಷನ್ ಆದ ಮೇಲೆ ಆ ಮಾತಿನ ಕಿಮ್ಮತ್ತು ಇಳಿಯಿತು. ಅಷ್ಟರಲ್ಲಿ ಮಠದ ಪ್ರವಚನದಲ್ಲಿ (ಪುಕ್ಕಟೆಯಾದ್ದರಿಂದ ತಪ್ಪದೆ ಹೋಗುತ್ತಿದ್ದ) ಹೊಸ ಶಬ್ದವೊಂದು ಸಿಕ್ಕಿತು: ಅಕಿಂಚನ!

"ನೋಡ್ತಿರು," ಎಂದು ಹೆಂಡತಿ ಅನುಸೂಯಾಬಾಯಿಯ ಮುಂದೆ ಮೀಸೆ ತಿರುವಿದ. "ಸಂತಪುರದ ಹಾವಗೆಪ್ಪನವ್ರು ತಮ್ಮ ಮಗಗ ನಮ್ಮ ಶಿವಕಾಂತಾನ್ನ ನೋಡ್ಲಿಕ್ಕ ಬರ್ತಾರ. ಇದೊಂದು ಶಬ್ದದಾಗ ವರದಕ್ಷಿಣಿ ಹುಂಡಾ ಮಾಫ್ ಮಾಡಸ್ತೇನಿ!"

"ಇರಾಕಿ ಒಬ್ಬಾಕಿ ಮಗಳು. ಬರಿಗೈಲೆ ಕಳಿಸ್ತೀರೇನ್ರಿ?"

"ಬರಿಗೈಲೆ ಯಾಕ? ಆಶೀರ್ವಾದ ಕೊಟ್ಟು ಕಳಿಸ್ತೇನಿ!"

ಶಬ್ದಕ್ಕೆ ತಕ್ಕ ಮನೆ ಬೇಡವೇ? ತಾಮ್ರದ ಕೊಡಗಳು, ತುಪ್ಪದ ಡಬ್ಬಿ, ಇಳಕಲ್ ಸೀರೆಗಳ ಪೆಟ್ಟಿಗೆ, ಕೊನೆಗೆ ಹಿಂಡುವ ಆಕಳು ಕೂಡ ನೆರೆಮನೆಯ ಅಮೀರ ಪಾಶಾನ ಅಂಗಳ ಸೇರಿದವು. ಅಲ್ಲಿಂದ ಒಂದು ಹರಕು ಕಂಬಳಿ ಇಲ್ಲಿಗೆ ಬಂತು. ಶಿವರಾಜಪ್ಪ ಅದರ ಮೇಲೆ ತೇಪೆಯ ಅಂಗಿ ತೊಟ್ಟು ಕುಳಿತ. ಅಂಗಿ ಹೊಸದೇ, ತೇಪೆಯನ್ನು ಬೇಕೆಂದೇ ಹೊಲಿಸಿದ್ದ!

ಹಾವಗೆಪ್ಪ ಬಂದರು. ವಚನ ಓದಿ ಓದಿ ಕನ್ನಡಕ ದಪ್ಪವಾದ ಜೀವ.

"ನಮ್ಮ ಸ್ಥಿತಿ ಏನ್ ಹೇಳ್ಲಿ ಬೀಗರ? ನಾ ಅಕಿಂಚನ ಇದ್ದೇನ್ರಿ."

ಹಾವಗೆಪ್ಪ ಗಡಬಡಿಸಿ ಎದ್ದು ಕೈಮುಗಿದೇಬಿಟ್ಟರು! "ಎಂಥಾ ಶಬ್ದ ಆಡಿದ್ರಿ! ಮಂದಿ ಇದನ್ನ ಬರೇ ಬಡವಗ ಅಂತಾರ. ಅಲ್ರಿ. ನಂದು ಅಂತ ಯಾವದೂ ಇಟ್ಕೊಳ್ಳದವ, ಬೇಕು ಅನ್ನೂ ಆಸೀನೂ ಇಲ್ಲದವ, ಅವನೇ ಅಕಿಂಚನ. ನೀವು ಅಂಥವ್ರೇನ್ರಿ?"

"ಥೇಟ್ ಅಂಥವನೇ ರಿ!"

"ಹಂಗಾದ್ರ ಹುಂಡಾದ ಮಾತೇ ಬ್ಯಾಡ. ಸುಳ್ಳು ಹೇಳೂ ಮಂದಿ ಜೋಡಿ ಮಾತ್ರ ನಾ ಸಂಬಂಧ ಮಾಡೂದಿಲ್ಲ ನೋಡ್ರಿ."

ಶಿವರಾಜಪ್ಪ ಒಳಗೊಳಗೇ ಗೆದ್ದು ಬೀಗಿದ. ಅದೇ ಹೊತ್ತಿಗೆ ಶಿವಕಾಂತಾ ಹಾಲಿಲ್ಲದ ಚಹಾ ತಂದು, "ತಗೋರಿ" ಎಂದಳು. ಹಾಲು ಹಿಂಡುವ ವೇಳೆ, ದಿನಾ ಹಿಂಡುವವಳ ದನಿ! ನೆರೆಯಿಂದ "ಅಂಬಾ!" ಎಂದು ಕೂಗಿದ ಆಕಳು ಹಗ್ಗ ಹರಿದುಕೊಂಡು ಸೀದಾ ಪಡಸಾಲೆಗೆ ನುಗ್ಗಿ, ಶಿವರಾಜಪ್ಪನ ತೇಪೆ ನೆಕ್ಕತೊಡಗಿತು. ಹಿಂದೆಯೇ ಅಮೀರ ಪಾಶಾ, ಒಂದು ಕೈಯಲ್ಲಿ ತುಪ್ಪದ ಡಬ್ಬಿ, ತಲೆಯ ಮೇಲೆ ಸೀರೆ ಪೆಟ್ಟಿಗೆ!

"ಸಾಕಾತು ರೀ! ತಾಮ್ರದ ಕೊಡಾ ಎಲ್ಲಾ ಒದ್ದು ಉಳ್ಳಾಡಿಸ್ಯದ. ಸಾಮಾನ ವಾಪಸ್ ತಗೋರಿ!"

ದಪ್ಪ ಕನ್ನಡಕ ಶಿವರಾಜಪ್ಪನತ್ತ ತಿರುಗಿತು. "ಈ ಆಕಳ ಯಾರ್ದರಿ?"

ನಂದು ಎಂದರೆ ಸಂಬಂಧ ಹೋಯಿತು. ನಂದಲ್ಲ ಎಂದರೆ ಆಕಳು ಹೋಯಿತು! ಶಿವರಾಜಪ್ಪ ಆಕಳ ಮೂತಿಯನ್ನು ಆಚೆ ತಳ್ಳಿದ.

"ನಂ... ನಂದಲ್ರಿ."

"ಹೌದ್ರಿ, ಅವ್ರದಲ್ಲ," ಎನ್ನುತ್ತ ಅನುಸೂಯಾಬಾಯಿ ಸೆರಗು ಬಿಗಿದು ಹೊರಬಂದಳು. "ಶಿವಕಾಂತಾಂದು. ಆಕಿ ದನಿ ಕೇಳೇ ಓಡಿ ಬಂದದ."

"ಆ ಕೊಡಾ?"

"ಆಕೀವೇ ರಿ."

"ಸೀರಿ ಪೆಟ್ಟಿಗಿ?"

"ಅದೂ ಆಕಿದೇ. ನಂದು ಅಂತ ಯಾವದೂ ಇಟ್ಕೊಳ್ಳೂದಿಲ್ರಿ ನಮ್ಮವ್ರು. ಬೇಕಾದ್ರ ಅವ್ರನ್ನೇ ಕೇಳ್ರಿ."

ಶಿವರಾಜಪ್ಪ ತಲೆಯಾಡಿಸಿದ. ಬೇರೆ ದಾರಿಯೇ ಇರಲಿಲ್ಲ! ಹಾವಗೆಪ್ಪ ಮೆಚ್ಚಿ ಮತ್ತೆ ಕೈಮುಗಿದರು.

"ತುಪ್ಪ?" ಎಂದು ಕೊನೆಗೆ ಶಿವರಾಜಪ್ಪನೇ ಕ್ಷೀಣವಾಗಿ ಕೇಳಿದ.

"ಅದು ಇವತ್ತಿನ ಹೋಳಿಗಿಗೆ ರಿ. ಬೀಗರು ಹಂಗೇ ಹೋಗ್ತಾರೇನು?"

ಹೋಳಿಗೆ ಉಂಡು, ಸಕ್ಕರೆ ಹಂಚಿ, ಸಂಬಂಧ ಗಟ್ಟಿಮಾಡಿ ಹಾವಗೆಪ್ಪ ಬಸ್ಸಿಗೆ ಹೊರಟರು. ಶಿವಕಾಂತಾ ತನ್ನೊಂದಿಗೇ ಅತ್ತೆಮನೆಗೆ ಹೊರಡಲಿರುವ ಆಕಳ ಕೊರಳು ತಬ್ಬಿ ನಗುತ್ತಿದ್ದಳು. ಶಿವರಾಜಪ್ಪ ಕಂಬಳಿಯ ಮೇಲೆ ಕುಸಿದು ತಲೆಗೆ ಕೈಹೊತ್ತ.

"ಖರೇನೇ ನನಗ ಮುಫ್ಲಿಸ ಮಾಡಿಬಿಟ್ಟಿ ನೋಡು!"

"ಹಳೇ ರಾಜ್ಯದ ಮಾತು ಈಗ್ಯಾಕ್ರಿ? ಅಕಿಂಚನ ಅನ್ರಿ. ಆ ಶಬ್ದ ನಿಮಗ ಸರಿಯಾಗಿ ಹೊಂದಿದ್ದು ಇವತ್ತೇ," ಎಂದಳು ಅನುಸೂಯಾಬಾಯಿ. "ಮತ್ತ ಜರಾ ಏಳ್ರಿ, ಆ ಕಂಬಳಿ ಅಮೀರ ಪಾಶಾಂದು!"