ನೆವಿಲ್ ಆರಿಸಿದ ಸ್ಪೀಕರ್

ತೊಂದರೆ ಶುರುವಾದದ್ದು ಸೋಪಿನ ಡಬ್ಬಿಯಷ್ಟು ಗಾತ್ರದ ಎರಡು ಸ್ಪೀಕರ್‌ಗಳಿಂದ. ಮುಲ್ಗಾರ ಊರಿನ ಬೋಲ್ಸ್, ಅಂದರೆ ಹುಲ್ಲಿನ ಮೇಲೆ ಚೆಂಡುರುಳಿಸುವ ಆಟದ, ಕ್ಲಬ್ಬಿನಲ್ಲಿ ಪ್ರತಿ ಶುಕ್ರವಾರ ಸಂಜೆ ಆರಕ್ಕೆ ಮಾಂಸದ ಟ್ರೇಯ ಲಕ್ಕಿ ಡ್ರಾ. ಗೆದ್ದವರಿಗೆ ಒಂದು ಟ್ರೇ ತುಂಬ ಕುರಿಯ ಚಾಪ್ಸ್, ಸಾಸೇಜು. ನಂಬರ್ ಆರಿಸುವುದೂ ಕೂಗುವುದೂ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರೇ. ಆದರೆ ಆ ಪುಟ್ಟ ಸ್ಪೀಕರ್‌ಗಳಲ್ಲಿ ಅದರ ದನಿ, ಬಾಯಿತುಂಬ ನೀರಿಟ್ಟುಕೊಂಡವನು ಮಾತಾಡಿದಂತೆ ಕೇಳುತ್ತಿತ್ತು. ಅದಕ್ಕಾಗಿ ಕಾರ್ಯದರ್ಶಿ ನೆವಿಲ್ ಪರದೆ ನೋಡಿ ನಂಬರನ್ನು ಗಟ್ಟಿಯಾಗಿ ಇನ್ನೊಮ್ಮೆ ಓದುತ್ತಿದ್ದ. ಹದಿನಾಲ್ಕು ವರ್ಷ ಯಾರೂ ಏನೂ ಅನ್ನಲಿಲ್ಲ. ಈಚಿನ ಐದು ವಾರಗಳಲ್ಲಿ ಮಾತ್ರ ಟ್ರೇ ಮೂರು ಸಲ ನೆವಿಲ್‌ನ ಮನೆಗೇ ಹೋಯಿತು.

“ಕಂಪ್ಯೂಟರ್ ಗೊಳಗೊಳ ಅನ್ನುತ್ತೆ, ಇವನು ತನ್ನ ಟಿಕೆಟ್ ನಂಬರ್ ಓದ್ತಾನೆ,” ಎಂದರು ಡಲ್ಸಿ. ಎಂಬತ್ತು ದಾಟಿದ ಮುದುಕಿ. ಕಿವಿಗೆ ಯಂತ್ರ ಹಾಕಿದ್ದರೂ ಕಣ್ಣು ಚುರುಕು. ಅವರ ಮಾತು ಊರೆಲ್ಲ ಹಬ್ಬಿತು. ಭಾನುವಾರ ಚರ್ಚಿನಲ್ಲಿ ಬೈಬಲಿನ ಕೀರ್ತನೆ ಓದುವವನು ಶುಕ್ರವಾರ ಚಾಪ್ಸ್ ಹೊಡೆಯುತ್ತಾನೆ ಎಂದು ಜನ ಆಡಿಕೊಂಡರು. ನೆವಿಲ್‌ಗೆ ಅನ್ನ ನೀರು ಸೇರದಾಯಿತು.

ಆ ಶುಕ್ರವಾರ ಬೆಳಿಗ್ಗೆ ಅಧ್ಯಕ್ಷ ಡೆಸ್ ಹೇಳಿದ: “ಹೊಸ ಸ್ಪೀಕರ್ ತರೋಣ ನೆವ್. ನಂಬರನ್ನ ಕಂಪ್ಯೂಟರೇ ಹೇಳ್ಲಿ, ನಿನ್ನ ಬಾಯಿ ಬೇಡ. ಇವತ್ತೂ ತಕರಾರು ಬಂದ್ರೆ ಕಾರ್ಯದರ್ಶಿ ಕೆಲಸ ಬಿಟ್ಟು ಆಫೀಸಿನ ಬೀಗದ ಕೈ ಮೇಜಿನ ಮೇಲೆ ಇಟ್ಬಿಡು.”

“ಆಗ್ಲಿ. ಈ ವಾರ ನಮ್ಮ ಮನೆಯೋರು ಯಾರೂ ಟಿಕೆಟ್ಟೇ ತಗೊಳಲ್ಲ,” ಎಂದ ನೆವಿಲ್.

“ಸ್ಪೀಕರ್ ಆರ್ಸೋಕೆ ಅವನೊಬ್ಬನನ್ನೇ ಕಳಿಸ್ಬೇಡ. ನಾನೂ ಬರ್ತೀನಿ,” ಎಂದರು ಅಲ್ಲೇ ಕೂತಿದ್ದ ಡಲ್ಸಿ.

ಮೂವರೂ ಡೆಸ್‌ನ ಕಾರಿನಲ್ಲಿ ಪಕ್ಕದ ಪಟ್ಟಣಕ್ಕೆ ಹೋದರು. ಅಂಗಡಿಯ ಒಡತಿ ರೋವೆನಾ ಬಾಗಿಲಲ್ಲೇ ನಕ್ಕಳು. “ಬಾ ನೆವಿಲ್. ನಿನ್ನೆ ನೋಡಿ ಹೋದ್ಯಲ್ಲ, ತೆಗೆದಿಟ್ಟಿದೀನಿ.”

ಡಲ್ಸಿ ಡೆಸ್‌ನನ್ನು ಮೊಣಕೈಯಿಂದ ತಿವಿದರು. “ನಿನ್ನೇನೇ ಬಂದಿದ್ನಂತೆ.”

“ಹೊಸದು ತರ್ಬೇಕು ಅಂತ ನನಗೂ ಅನ್ನಿಸಿತ್ತು, ಬೆಲೆ ಕೇಳೋಕೆ ಬಂದಿದ್ದೆ,” ಎಂದ ನೆವಿಲ್. ಅವನಿಗೇ ಅದು ಸುಳ್ಳಿನಂತೆ ಕೇಳಿಸಿತು.

ಮೊದಲನೆಯ ಜೋಡಿ ಕಪ್ಪಗೆ, ದೊಡ್ಡದಾಗಿ, ಕೆಂಪು ದೀಪ ಮಿನುಗಿಸುತ್ತಿತ್ತು. ರೋವೆನಾ ಹಾಡು ಹಾಕಿದಳು. ಡೆಸ್‌ನ ಹೊಟ್ಟೆ ತಾಳಕ್ಕೆ ಸರಿಯಾಗಿ ಕುಣಿಯಿತು. “ಇದೇ ಇರ್ಲಿ.”

“ಇದು ಗುದ್ದುತ್ತೆ ಡೆಸ್, ಮಾತಾಡಲ್ಲ,” ಎಂದ ನೆವಿಲ್.

ಎರಡನೆಯದರಲ್ಲಿ ಮಾತೆಲ್ಲ ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿಯಿತು. ಮೂರನೆಯದು ಬ್ರೆಡ್ಡಿನ ಗಾತ್ರದ, ಕಂದು ಮರದ ಸಾದಾ ಜೋಡಿ. ನೆವಿಲ್ ಜೇಬಿನಿಂದ ಪೆನ್‌ಡ್ರೈವ್ ತೆಗೆದು ಕೊಟ್ಟ. ಅದರಲ್ಲಿದ್ದದ್ದು ಊರಿನಲ್ಲಿ ಹಿಂದೆ ಪಾದ್ರಿಯಾಗಿದ್ದು ಈಗ ತೀರಿಕೊಂಡವರು ಓದಿದ ಕೀರ್ತನೆ. ಅವನು ಕಣ್ಣು ಮುಚ್ಚಿ ತಲೆ ಬಾಗಿಸಿ ಕೇಳತೊಡಗಿದ. ಸ್ಪೀಕರಿನ ಯೋಗ್ಯತೆ ತಿಳಿಯುವುದು ಪದದ ಕೊನೆಯ ಅಕ್ಷರದಲ್ಲಿ. ಸಾಮಾನ್ಯವಾಗಿ ಎಲ್ಲವೂ ಅದನ್ನು ನುಂಗಿಬಿಡುತ್ತವೆ. ಇದು ನುಂಗಲಿಲ್ಲ. ಚರಣ ಮುಗಿದ ಮೇಲೆ ಪಾದ್ರಿ ಉಸಿರೆಳೆದುಕೊಂಡದ್ದೂ ಕೇಳಿಸಿತು. ಪ್ರಾರ್ಥನೆ ನಡೆಯುತ್ತಿದೆಯೆಂದು ಪಕ್ಕದಲ್ಲಿದ್ದ ಗಿರಾಕಿಗಳಿಬ್ಬರು ಟೋಪಿ ತೆಗೆದು ನಿಂತರು.

ಡಲ್ಸಿಗೆ ಸಮಾಧಾನವಿಲ್ಲ. ಒಂದು ಸ್ಪೀಕರನ್ನು ತಿರುಗಿಸಿ ಹಿಂಭಾಗ ಪರೀಕ್ಷಿಸಿದರು. “ಇದೇನು ತೂತು?”

“ಗಾಳಿ ಆಡೋಕೆ,” ಎಂದಳು ರೋವೆನಾ.

“ಬರೀ ಗಾಳಿಗಾ?” ಎಂದು ಡಲ್ಸಿ ಬೆರಳು ತೂರಿಸಿದರು. ಬೆರಳು ಉಂಗುರದ ಸಮೇತ ಒಳಗೆ ಹೋಯಿತು. ಹೊರಗೆ ಮಾತ್ರ ಬರಲಿಲ್ಲ.

ರೋವೆನಾ ಬೆಣ್ಣೆ ತರಲು ಎದುರಿನ ಬೇಕರಿಗೆ ಓಡಿದಳು. ಅಷ್ಟು ಹೊತ್ತೂ ಡಲ್ಸಿ ಸ್ಪೀಕರನ್ನು ಮಗುವಿನಂತೆ ಅಪ್ಪಿಕೊಂಡು, ಕೆನ್ನೆ ಅದಕ್ಕೆ ಆನಿಸಿ ಕುಳಿತಿರಬೇಕಾಯಿತು. ಕೀರ್ತನೆ ಪೂರ್ತಿ ಕೇಳದೆ ಬೇರೆ ದಾರಿಯಿರಲಿಲ್ಲ. ನಡುವೆ ಒಮ್ಮೆ ಅವರು ಕಿವಿಯ ಯಂತ್ರವನ್ನು ತೆಗೆದು ಮಡಿಲಲ್ಲಿಟ್ಟುಕೊಂಡದ್ದನ್ನು ಯಾರೂ ಗಮನಿಸಲಿಲ್ಲ.

ಬೆರಳು ಬಿಡಿಸಿ, ಆ ಮರದ ಜೋಡಿಯನ್ನೇ ಕೊಂಡು ಹಿಂದಿರುಗುವಾಗ ಡಲ್ಸಿ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಡೆಸ್ ಕನ್ನಡಿಯಲ್ಲಿ ಅವರನ್ನೇ ನೋಡುತ್ತಿದ್ದ. ಡಲ್ಸಿ ಸುಮ್ಮನಿರುವುದೆಂದರೆ ಏನೋ ಇದೆ ಎಂದೇ ಅರ್ಥ.

ಸಂಜೆ ಕ್ಲಬ್ಬು ಕಿಕ್ಕಿರಿಯಿತು. ನೆವಿಲ್ ಸ್ಪೀಕರ್ ಜೋಡಿಸಿ ಇನ್ನೂ ಒಂದು ಏರ್ಪಾಡು ಮಾಡಿದ: ಗೆದ್ದವರು ಬಂದು ಟ್ರೇ ತೆಗೆದುಕೊಳ್ಳುವ ತನಕ ಕಂಪ್ಯೂಟರು ನಂಬರನ್ನು ಹೇಳುತ್ತಲೇ ಇರಬೇಕು. ಆಮೇಲೆ ಎಲ್ಲರಿಗೂ ಕಾಣುವಂತೆ ದೂರ ಹೋಗಿ ಗೋಡೆಗೊರಗಿ, ಕೈಕಟ್ಟಿ ನಿಂತ.

“ಎಂಬತ್ತಾರು,” ಎಂದಿತು ಕಂಪ್ಯೂಟರು. ಸಭೆಯೆಲ್ಲ ತಲೆದೂಗಿತು. ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ ಎಲ್ಲರಿಗೂ ನಂಬರ್ ಕಂಪ್ಯೂಟರಿನ ಬಾಯಿಂದಲೇ ಕೇಳಿಸಿತ್ತು.

ಯಾರೂ ಏಳಲಿಲ್ಲ. “ಎಂಬತ್ತಾರು.” ಜನ ತಮ್ಮ ಟಿಕೆಟ್ ನೋಡಿಕೊಂಡರು, ಪಕ್ಕದವರದ್ದನ್ನೂ ನೋಡಿದರು. ಕೊನೆಗೆ ಡೆಸ್ ಟಿಕೆಟ್ ಪುಸ್ತಕ ತೆರೆದು ಉಳಿದ ಅರ್ಧ ಚೀಟಿಯ ಮೇಲಿನ ಹೆಸರು ಓದಿದ. ಓದಿ ಕನ್ನಡಕ ಒರೆಸಿಕೊಂಡ. ಮತ್ತೆ ಓದಿದ.

“ನೆವಿಲ್.”

“ನಾನು ತಗೊಂಡಿಲ್ಲ,” ಎಂದ ನೆವಿಲ್.

“ಬರೆದಿದೆಯಲ್ಲ.”

ಆಗ ಹಿಂದಿನ ಸಾಲಿನಲ್ಲಿ ಡಲ್ಸಿ ತಮ್ಮ ಚೀಲದ ತಳದಿಂದ ಒಂದು ಟಿಕೆಟ್ ಹುಡುಕಿ ತೆಗೆದು ಮೆಲ್ಲನೆ ಎದ್ದರು. “ನಾನು ಬರೆಸಿದ್ದು. ಅಂಗಡೀಲಿ ಕಿವಿಯ ಯಂತ್ರ ತೆಗೆದಿಟ್ಟೇ ಪಾದ್ರಿಯೋರ ಓದು ಕೇಳಿದೆ. ಆರು ವರ್ಷ ಆಗಿತ್ತು ಅಷ್ಟು ಚೆನ್ನಾಗಿ ಒಂದು ಮಾತು ನನ್ನ ಕಿವಿಗೆ ಬಿದ್ದು. ಅಂಥಾದ್ದನ್ನ ಹುಡುಕಿ ಆರಿಸಿದವನು ಕಳ್ಳ ಆಗಿರಲ್ಲ ಅನ್ನಿಸ್ತು. ಅನುಮಾನ ಪಟ್ಟಿದ್ದಕ್ಕೆ ಅವನ ಹೆಸರಲ್ಲಿ ಒಂದು ಟಿಕೆಟ್ ತಗೊಂಡೆ. ಅಷ್ಟೇ.”

ನೆವಿಲ್‌ಗೆ ಹೋದ ಜೀವ ಬಂದಂತಾಯಿತು.

“ಅಲ್ಲ ಡಲ್ಸಿ,” ಎಂದ ಡೆಸ್ ನಿಧಾನವಾಗಿ, “ಬರ್ತಾ ದಾರೀಲಿ ಒಂದು ಮಾತಾಡ್ಲಿಲ್ಲ ನೀವು. ಬಂದೋರೇ ಇವನ ಹೆಸರಲ್ಲಿ ಟಿಕೆಟು. ಅದೇ ಟಿಕೆಟ್ಟಿಗೇ ಬಹುಮಾನ. ನಿಮಗೆಷ್ಟು ಚಾಪ್ಸು, ಇವನಿಗೆಷ್ಟು?”

“ಸ್ಪೀಕರ್ ಒಳಗೆ ಕೈ ಹಾಕಿದ್ದೂ ಇವರೇ ಅಂತಲ್ಲ,” ಎಂದಿತು ಬಾಗಿಲ ಬಳಿಯ ಒಂದು ದನಿ.

“ಬೆಣ್ಣೆ ಹಚ್ಚಿ ತೆಗೆದ್ರಂತೆ,” ಎಂದಿತು ಇನ್ನೊಂದು.

ಡಲ್ಸಿ ಕುಳಿತುಬಿಟ್ಟರು. ನೆವಿಲ್ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಟೋಪಿ ಹಾಕಿಕೊಂಡು ಹೊರಗೆ ನಡೆದ. ಟ್ರೇಯನ್ನು ಯಾರೂ ಮುಟ್ಟಲಿಲ್ಲ. ಅವನು ಹುಲ್ಲಿನ ಅಂಗಳ ದಾಟಿ ರಸ್ತೆಯ ತಿರುವು ಸೇರುವ ತನಕವೂ ಅವನು ಆರಿಸಿದ ಸ್ಪೀಕರು ಬೆನ್ನ ಹಿಂದೆ ಹೇಳುತ್ತಲೇ ಇತ್ತು, ಒಂದಕ್ಷರವನ್ನೂ ನುಂಗದೆ: “ಎಂಬತ್ತಾರು. ಎಂಬತ್ತಾರು.”