ಆಂಪ್ಲಿಫೈಯರ್ ಎಷ್ಟಂತ ಕೂಗೀತು?

ಶಿವನ ಹೆಸರು ಹೇಳಿ ಮೈಕ್‌ಸೆಟ್ ಹೊತ್ತು ಹೋದಲ್ಲೆಲ್ಲ ಏನಾದರೊಂದು ನಡೆಯದೆ ಇರುವುದಿಲ್ಲ. ಅವನ ಲೀಲೆಯೇ ಇರಬೇಕು. ಶಿಕಾರಿಪುರದಲ್ಲಿ ನನ್ನ ಅಂಗಡಿ. ಈಚೆಗೆ ಹೊಸ ಸ್ಪೀಕರ್ ಜೋಡಿ ತಂದೆ. ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವಾಗ ಅವಕ್ಕೂ ಒಂದೊಂದು ಬೆರಳು ಹಚ್ಚಿ, 'ತಂದೆ, ಇವು ಸುಡದ ಹಾಗೆ ನೋಡಿಕೋ' ಎಂದು ಬೇಡುತ್ತೇನೆ. ಅವನು ನೋಡಿಕೊಳ್ಳುತ್ತಾನೆ. ಜನರನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಿಟ್ಟಿದ್ದಾನೆ.

ಗಿಡ್ಡ ಬಾಗಿಲು

ಊರಲ್ಲೇ ಒಂದು ಗೃಹಪ್ರವೇಶ. ಮನೆಯ ಯಜಮಾನರು ಆಂಪ್ಲಿಫೈಯರ್‌ನ ದನಿ ಗುಂಡಿ ನೋಡಿ, "ಹತ್ತರ ತನಕ ಐತಲ್ರೀ, ಐದಕ್ಕ ಯಾಕ ನಿಲ್ಲಿಸೀರಿ?" ಅಂದರು.

"ಇದೊಂದು ಗಿಡ್ಡ ಬಾಗಿಲು ಅಂತ ತಿಳ್ಕೊಳ್ರಿ ಯಜಮಾನ್ರೇ. ದನಿ ಅದಕ್ಕಿಂತ ಎತ್ತರಾದ್ರೆ ನೆತ್ತಿ ಕತ್ತರಿಸಿ ಹೋಗ್ತದೆ. ಆಮೇಲೆ ಕರಕರ ಅಂತದೆ, ಸ್ಪೀಕರ್ ಸುಡ್ತದೆ."

ಅವರು ಗಂಭೀರವಾಗಿ ತಲೆಯಾಡಿಸಿ, ಮೈಕ್ ಮುಂದೆ ನಿಂತು ಹಾಡುತ್ತಿದ್ದ ತಮ್ಮ ಮಾವನ ಹತ್ತಿರ ಹೋದರು. "ಮಾವಾರೇ, ಕುಂತು ಹಾಡ್ರಿ. ನೆತ್ತಿ ತಾಗಾಕತ್ತೈತಂತ."

ಮೆಣಸಿನ ಕಷಾಯ

ಬಳ್ಳಿಗಾವಿಯಲ್ಲಿ ತೊಟ್ಟಿಲ ಕಾರ್ಯ. ನಾನು ಕೈತೊಳೆದು ಬರುವಷ್ಟರಲ್ಲಿ ಯಾರೋ ದನಿಯನ್ನು ಪೂರ್ತಿ ಏರಿಸಿದ್ದರು. ಹಾಡುತ್ತಿದ್ದ ಮೇಷ್ಟ್ರ ಸ್ವರ ತಗಡು ಹರಿದಂತೆ ಬರುತ್ತಿತ್ತು. "ಅಯ್ಯ, ಗಂಟಲು ಕಟ್ಟೈತಿ" ಎಂದು ಮನೆಯಾಕೆ ಕಷಾಯ ತಂದರು. ಮೇಷ್ಟ್ರು ಕುಡಿಯುವಷ್ಟರಲ್ಲಿ ನಾನು ದನಿ ಇಳಿಸಿದೆ. ಮತ್ತೆ ಹಾಡಿದರೆ ಜೇನು.

"ಒಂದೇ ಲೋಟಕ್ಕ ಗುಣ ಆತು ನೋಡ್ರಿ" ಎಂದು ಆಕೆ ಎಲ್ಲರಿಗೂ ಹೇಳಿದರು. ಸತ್ಯ ಹೇಳುವುದು ಧರ್ಮವೆಂದು ನಾನು ಬಾಯಿ ತೆರೆದೆ. ನನಗೂ ಒಂದು ಲೋಟ ಕುಡಿಸಿದರು.

ಕೆಂಪು ದೀಪ

ಸೊರಬದಲ್ಲಿ ಏಳು ದಿನದ ಅಖಂಡ ಭಜನೆ. ದೇವರ ಮುಂದಿನ ನಂದಾದೀಪ ಅಷ್ಟೂ ದಿನ ಆರಬಾರದು. ಅದನ್ನು ಕಾಯುವ ಕೆಲಸ ಒಬ್ಬ ಅಜ್ಜನದು. ಎಣ್ಣೆ ಇಳಿದರೆ ಹಾಕುವುದು, ಬತ್ತಿ ಸೊರಗಿದರೆ ಏರಿಸುವುದು. ಅವರ ಪಕ್ಕದಲ್ಲೇ ನನ್ನ ಆಂಪ್ಲಿಫೈಯರ್. ದನಿ ಮಿತಿ ಮೀರಿದರೆ ಅದರಲ್ಲೊಂದು ಪುಟ್ಟ ಕೆಂಪು ದೀಪ ಮಿನುಗುತ್ತದೆ.

ಕೊನೆಯ ದಿನ ಪ್ರಸಾದಕ್ಕೆ ಕರೆದರು. "ಅಜ್ಜಾರೇ, ಈ ಕೆಂಪು ದೀಪ ಸ್ವಲ್ಪ ನೋಡ್ತಿರ್ತೀರಾ?" ಎಂದೆ. ಮಿನುಗಿದರೆ ನನ್ನನ್ನು ಕೂಗಲಿ ಎಂಬುದು ನನ್ನ ಲೆಕ್ಕ.

"ಏಳು ದಿನ ದೀಪ ನೋಡ್ದೋನು ನಾನು. ನೀವು ನಿಶ್ಚಿಂತೆಯಿಂದ ಊಟ ಮಾಡಿ ಮಾರಾಯ್ರೆ."

ಪಾಯಸದ ಹೊತ್ತಿಗೆ ಭಜನೆ ಜಲ್ಲಿ ಒಡೆಯುವ ಯಂತ್ರದಂತೆ ಕೇಳತೊಡಗಿತು. ಓಡಿ ಬಂದೆ. ಒಂದು ಸ್ಪೀಕರ್ ಆಗಲೇ ಮೌನವ್ರತ ಹಿಡಿದು ಸುಟ್ಟ ವಾಸನೆ ಬಿಡುತ್ತಿತ್ತು. ಕೆಂಪು ದೀಪ ಒಂದೇ ಸಮನೆ ಉರಿಯುತ್ತಿತ್ತು. ಅಜ್ಜ ಬೆವರುತ್ತ, ದನಿ ಏರಿಸುವ ಗುಂಡಿಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದರು. ನನ್ನನ್ನು ನೋಡಿ ಮುಖ ಅರಳಿತು.

"ಭಾರಿ ಹಟಮಾರಿ ದೀಪ ಮಾರಾಯ್ರೆ ಇದು, ಹಾಡು ನಿಂತ್ರೆ ಸಾಕು, ಆರಾಕೆ ನೋಡ್ತದೆ. ಆದ್ರೆ ನೀವು ಹೋದಾಗಿಂದ ಒಂದ್ಸಲಾನೂ ಪೂರ್ತಿ ಆರಾಕೆ ಬಿಟ್ಟಿಲ್ಲ."